ಮದ್ದಿಗೆ ಜಗ್ಗದ ಜೀವಕೋಶ, ದಾರಿ ಬದಲಿಸುವ ಕಬ್ಬಿಣ

1947ರ ಡಿಸೆಂಬರ್ ಕೊನೆಯ ದಿನಗಳು. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಅಮಿನಾಪ್ಟರಿನ್ ಎಂಬ ಹೊಸ ಔಷಧ ಕೊಡಲು ತೊಡಗಿದ್ದರು. ಅದನ್ನು ತಯಾರಿಸಿದ್ದು ಲೆಡರ್ಲೆ ಪ್ರಯೋಗಾಲಯದ ತಂಡ. ಆ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್. ಆವರೆಗೆ ಆ ಕಾಯಿಲೆ ಬಂದ ಮಗುವಿನ ತಂದೆತಾಯಿಗೆ ವೈದ್ಯರು ಹೇಳಬಹುದಾದ ಸಮಾಧಾನದ ಮಾತು ಒಂದೂ ಇರಲಿಲ್ಲ. ಫಾರ್ಬರ್ ಚಿಕಿತ್ಸೆ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ರಕ್ತದಲ್ಲಿ ತುಂಬಿದ್ದ ಅಪಕ್ವ ಬಿಳಿ ಕಣಗಳು ಕರಗಿದವು, ಜ್ವರ ಇಳಿಯಿತು, ಹಾಸಿಗೆ ಹಿಡಿದಿದ್ದವರು ಎದ್ದು ಕುಳಿತರು.

ಆದರೆ ಆ ಚೇತರಿಕೆ ಬಾಳಲಿಲ್ಲ. ಕೆಲವು ವಾರ, ಕೆಲವು ತಿಂಗಳು ಕಳೆಯುವಷ್ಟರಲ್ಲಿ ರೋಗ ಮರಳಿತು. ಈ ಸಲ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಕೊಟ್ಟರೂ ಅದು ಜಗ್ಗಲಿಲ್ಲ. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿ ಕೀಮೋಥೆರಪಿಯ ಇತಿಹಾಸದಲ್ಲಿ ಮೈಲಿಗಲ್ಲು. ಔಷಧ ಪ್ರತಿರೋಧ ಎಂಬ ಸಮಸ್ಯೆಯೂ ಅದೇ ಪುಟಗಳಲ್ಲಿ ಕಾಣಿಸಿಕೊಂಡಿತು. ಮಕ್ಕಳ ರಕ್ತದ ಕ್ಯಾನ್ಸರನ್ನು ಔಷಧದಿಂದ ಹಿಮ್ಮೆಟ್ಟಿಸಬಹುದು ಎಂದು ಜಗತ್ತಿಗೆ ಗೊತ್ತಾದ ಕ್ಷಣದಲ್ಲೇ, ಹಿಮ್ಮೆಟ್ಟಿದ ಕ್ಯಾನ್ಸರ್ ಹೆಚ್ಚು ಗಟ್ಟಿಯಾಗಿ ತಿರುಗಿ ಬರಬಹುದು ಎಂಬುದೂ ಗೊತ್ತಾಯಿತು.

ಇದಕ್ಕೆ ಕಾರಣ ಕ್ಯಾನ್ಸರಿನ ಜಾಣತನವಲ್ಲ, ಅದರ ಸಂಖ್ಯಾಬಲ. ಕಡಲೆಕಾಳಿನಷ್ಟಿರುವ ಗಡ್ಡೆಯಲ್ಲೂ ಕೋಟಿಗಟ್ಟಲೆ ಜೀವಕೋಶಗಳಿರುತ್ತವೆ. ಪ್ರತಿ ಸಲ ಕೋಶ ಒಡೆದು ಎರಡಾಗುವಾಗಲೂ ಡಿಎನ್‌ಎ ನಕಲಿನಲ್ಲಿ ಸಣ್ಣಪುಟ್ಟ ತಪ್ಪುಗಳು ಸೇರುತ್ತವೆ. ಹೀಗಾಗಿ ಔಷಧದ ಮೊದಲ ಹನಿ ಮೈಗೆ ಸೇರುವ ಮುನ್ನವೇ, ಆ ಔಷಧವನ್ನು ತಾಳಿಕೊಳ್ಳಬಲ್ಲ ಬೆರಳೆಣಿಕೆಯ ಕೋಶಗಳು ಗಡ್ಡೆಯ ಯಾವುದೋ ಮೂಲೆಯಲ್ಲಿ ಇದ್ದೇ ಇರುವ ಸಾಧ್ಯತೆ ಹೆಚ್ಚು. ಔಷಧ ಉಳಿದವನ್ನೆಲ್ಲ ಕೊಂದು ಈ ಕೆಲವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಅವುಗಳ ಸಂತತಿಯೇ ಮುಂದಿನ ಗಡ್ಡೆ.

ಒಂದು ಔಷಧವನ್ನು ತಾಳಿಕೊಳ್ಳುವ ಕೋಶ ಇನ್ನೊಂದಕ್ಕೆ ಸಾಯಬೇಕಲ್ಲ ಎಂಬ ತರ್ಕದ ಮೇಲೆ 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಗಳನ್ನು ಒಟ್ಟಿಗೇ ಕೊಟ್ಟರು. ಅವುಗಳಲ್ಲಿ ಒಂದು ವಿನ್‌ಕ್ರಿಸ್ಟಿನ್. ಅದರ ಮೂಲ ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪ ಗಿಡ. ಮಕ್ಕಳ ರಕ್ತದ ಕ್ಯಾನ್ಸರನ್ನು ಗುಣಪಡಿಸುವ ದಾರಿ ತೆರೆದದ್ದು ಈ ಸಂಯುಕ್ತ ಚಿಕಿತ್ಸೆಯೇ. ಆದರೆ ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಈ ತರ್ಕವೂ ಸೋತಿತು. ರೋಗಿಗೆ ಒಮ್ಮೆಯೂ ಕೊಡದಿದ್ದ ಔಷಧಕ್ಕೂ ಅಲ್ಲಿ ಕೋಶಗಳು ಮೊದಲೇ ಪ್ರತಿರೋಧ ತೋರುತ್ತಿದ್ದವು.

ಟೊರಾಂಟೊದಲ್ಲಿ ಸಿಕ್ಕ ಪಂಪು

ಈ ಒಗಟಿನ ದೊಡ್ಡ ತುಂಡನ್ನು ಬಿಡಿಸಿದವರು ಕೆನಡಾದ ಟೊರಾಂಟೊದಲ್ಲಿ ಕೆಲಸ ಮಾಡುತ್ತಿದ್ದ ವಿಕ್ಟರ್ ಲಿಂಗ್ ಮತ್ತು ರುಡಾಲ್ಫ್ ಜೂಲಿಯಾನೊ. ಅವರು ಬಳಸಿದ್ದು ಕಾಲ್ಚಿಸಿನ್ ಎಂಬ ವಿಷವನ್ನು. ಮಲೆನಾಡಿನ ಬೇಲಿಗಳಲ್ಲಿ ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲೂ ಇರುವ ವಿಷ ಅದು. ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಿಗೆ ಕಾಲ್ಚಿಸಿನ್ ಉಣಿಸಿ, ಬದುಕುಳಿದವನ್ನು ಮಾತ್ರ ಆರಿಸಿ ಬೆಳೆಸಿದಾಗ, ಅವು ಕಾಲ್ಚಿಸಿನ್ ಜೊತೆಗೆ ಅದಕ್ಕೆ ರಚನೆಯಲ್ಲಿ ಸಂಬಂಧವೇ ಇಲ್ಲದ ಇತರ ಔಷಧಗಳನ್ನೂ ತಾಳಿಕೊಳ್ಳುತ್ತಿದ್ದವು. 1976ರಲ್ಲಿ ಅವರು ಆ ಕೋಶಗಳ ಹೊರಪೊರೆಯಲ್ಲಿ ಒಂದು ದೊಡ್ಡ ಪ್ರೋಟೀನನ್ನು ಪತ್ತೆಹಚ್ಚಿ ಪಿ-ಗ್ಲೈಕೋಪ್ರೋಟೀನ್ ಎಂದು ಕರೆದರು. ಪ್ರತಿರೋಧ ಹೆಚ್ಚಿದಷ್ಟೂ ಪೊರೆಯಲ್ಲಿ ಆ ಪ್ರೋಟೀನ್ ಹೆಚ್ಚಾಗಿ ಕಾಣುತ್ತಿತ್ತು.

ಅದೊಂದು ಪಂಪು ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಜೀವಕೋಶದ ಪೊರೆಯಲ್ಲಿ ನೆನೆದು ಒಳಕ್ಕೆ ಇಳಿಯುತ್ತವೆ. ಕೀಮೋಥೆರಪಿಯ ಹಲವು ಹಳೆಯ ಔಷಧಗಳು ಒಳಹೋಗುವುದು ಹೀಗೆಯೇ. ಪೊರೆಯಲ್ಲಿ ನಾಟಿಕೊಂಡಿರುವ ಈ ಪ್ರೋಟೀನಿನ ಹೊಟ್ಟೆಯಲ್ಲಿ ಅಗಲವಾದ ಪೊಳ್ಳು ಇದೆ. ಪೊರೆಯಲ್ಲಿ ಇಳಿಯುತ್ತಿರುವ ಔಷಧದ ಅಣು ಅದರೊಳಕ್ಕೆ ಜಾರುತ್ತಲೇ ಪ್ರೋಟೀನ್ ಎಟಿಪಿ ಎಂಬ ಇಂಧನವನ್ನು ಖರ್ಚುಮಾಡಿ ತನ್ನ ಆಕಾರ ತಿರುಗಿಸಿ ಅಣುವನ್ನು ಹೊರಕ್ಕೆ ಎಸೆಯುತ್ತದೆ. ಆ ಪೊಳ್ಳು ಎಷ್ಟು ಸಡಿಲವೆಂದರೆ ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್, ಯೂ ಮರದ ತೊಗಟೆಯ ಪ್ಯಾಕ್ಲಿಟ್ಯಾಕ್ಸೆಲ್, ಮಣ್ಣಿನ ಸೂಕ್ಷ್ಮಜೀವಿಯ ಡಾಕ್ಸೊರುಬಿಸಿನ್ ಎಲ್ಲವನ್ನೂ ಅದು ಹಿಡಿಯುತ್ತದೆ. ಸೋರುವ ದೋಣಿಯಲ್ಲಿ ಕುಳಿತವನು ಒಳಬಂದ ನೀರನ್ನು ಮೊಗೆಮೊಗೆದು ಹೊರಚೆಲ್ಲುವ ಹಾಗೆ ಕೋಶ ತನ್ನನ್ನು ಉಳಿಸಿಕೊಳ್ಳುತ್ತದೆ. ಔಷಧ ಒಳಕ್ಕೆ ಹೋಗುವುದೇನೋ ಹೌದು, ಕೊಲ್ಲುವಷ್ಟು ಮಟ್ಟಕ್ಕೆ ಏರುವುದಿಲ್ಲ.

ಪಂಪನ್ನೇ ಕಟ್ಟಿಹಾಕಿದರಾಯಿತು ಎಂಬ ಯೋಚನೆ ಸಹಜವಾಗಿ ಬಂತು. 1981ರಲ್ಲಿ ಜಪಾನಿನ ತಕಾಶಿ ತ್ಸುರುವೊ ಮತ್ತು ಸಂಗಡಿಗರು, ಹೃದಯದ ಕಾಯಿಲೆಗೆ ಕೊಡುವ ವೆರಾಪಮಿಲ್ ಮಾತ್ರೆಯ ರಾಸಾಯನಿಕ ಈ ಪ್ರತಿರೋಧವನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ಪ್ರಯೋಗಾಲಯದಲ್ಲಿ ಸೊಗಸಾಗಿ ನಡೆದ ಈ ಉಪಾಯ ರೋಗಿಯ ಮೈಯಲ್ಲಿ ಎಡವಿತು. ಪಂಪನ್ನು ತಡೆಯುವಷ್ಟು ವೆರಾಪಮಿಲ್ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತಿತ್ತು, ಹೃದಯದ ಬಡಿತ ತಪ್ಪುತ್ತಿತ್ತು. ಆಮೇಲೆ ಇದಕ್ಕಾಗಿಯೇ ರೂಪಿಸಿದ ವಾಲ್ಸ್‌ಪೊಡಾರ್, ಟಾರಿಕ್ವಿಡಾರ್‌ನಂಥ ಔಷಧಗಳೂ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷೆ ಮುಟ್ಟಲಿಲ್ಲ.

ಈ ಸೋಲಿನ ಹಿಂದೆ ಆಳವಾದ ಕಾರಣವೊಂದಿದೆ. ಪಂಪು ಕ್ಯಾನ್ಸರಿನ ಸ್ವಂತ ಸೃಷ್ಟಿಯಲ್ಲ. ನಮ್ಮ ಕರುಳು, ಯಕೃತ್ತು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳ ಗೋಡೆ, ಗರ್ಭಿಣಿಯ ಮಾಸು ಎಲ್ಲೆಲ್ಲೂ ಅದು ಕಾವಲಿಗಿದೆ. ತಿಂದ ಆಹಾರದೊಂದಿಗೆ ಬಂದ ವಿಷವನ್ನು ತಡೆದು ಹೊರಹಾಕುವುದು ಅದರ ನಿತ್ಯದ ಕೆಲಸ. ಇಡೀ ದೇಹದಲ್ಲಿ ಅದನ್ನು ನಿಲ್ಲಿಸಿದರೆ ಕೀಮೋಥೆರಪಿಯ ಔಷಧ ಮೈಯಿಂದ ಹೊರಹೋಗುವುದು ನಿಧಾನವಾಗಿ ಆರೋಗ್ಯವಂತ ಅಂಗಗಳೇ ನಲುಗುತ್ತವೆ. ಪಂಪನ್ನು ಎದುರಿಸಲು ಹೋಗಿ ದೇಹದ ಕಾವಲನ್ನೇ ಕೆಡವಿದಂತಾಗುತ್ತದೆ.

ಹಾಗಾದರೆ ಪ್ರಮಾಣ ಹೆಚ್ಚಿಸಬಹುದೇ? ಡಾಕ್ಸೊರುಬಿಸಿನ್ ಕಥೆ ಇದಕ್ಕೆ ಉತ್ತರ. 1950ರ ದಶಕದಲ್ಲಿ ಇಟಲಿಯ ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರು, ದಕ್ಷಿಣ ಇಟಲಿಯ ಕಾಸ್ಟೆಲ್ ದೆಲ್ ಮೊಂಟೆ ಎಂಬ 13ನೇ ಶತಮಾನದ ಕೋಟೆಯ ಬಳಿಯ ಮಣ್ಣಿನಲ್ಲಿ ಕೆಂಪು ಬಣ್ಣ ಸ್ರವಿಸುವ ಸೂಕ್ಷ್ಮಜೀವಿಯನ್ನು ಕಂಡರು. ಅದರಿಂದ ಡೌನೊರುಬಿಸಿನ್ ಬಂತು, ಮುಂದೆ ಅದೇ ಜೀವಿಯ ಮಾರ್ಪಟ್ಟ ತಳಿಯಿಂದ ಡಾಕ್ಸೊರುಬಿಸಿನ್. ಸ್ತನ ಕ್ಯಾನ್ಸರ್, ಲಿಂಫೋಮ, ಮೂಳೆಯ ಕ್ಯಾನ್ಸರ್‌ಗಳಲ್ಲಿ ಇಂದಿಗೂ ಕೈಹಿಡಿಯುವ ಔಷಧ ಇದು. ನಾಳದೊಳಗೆ ಹನಿಯುವ ಅದರ ಕೆಂಪು ಬಣ್ಣವನ್ನು ಕೀಮೋ ವಾರ್ಡಿನಲ್ಲಿ ಕುಳಿತವರು ಮರೆಯುವುದಿಲ್ಲ. ಅದು ಹೃದಯದ ಸ್ನಾಯುವನ್ನು ಕೆಡಿಸುತ್ತದೆ, ಮತ್ತು ಆ ಹಾನಿ ಪ್ರತಿ ಸುತ್ತಿನಲ್ಲೂ ಕೂಡುತ್ತಾ ಹೋಗುತ್ತದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಜೀವಮಾನದಲ್ಲಿ ಒಟ್ಟು 450ರಿಂದ 550 ಮಿಲಿಗ್ರಾಂ ದಾಟಬಾರದು ಎಂಬ ಗಡಿಯನ್ನು ವೈದ್ಯರು ಪಾಲಿಸುವುದು ಇದಕ್ಕೇ. ಪಂಪು ಔಷಧವನ್ನು ಹೊರಚೆಲ್ಲುತ್ತಿದೆ ಎಂದು ಇನ್ನಷ್ಟು ಸುರಿಯಲು ಹೃದಯ ಬಿಡುವುದಿಲ್ಲ.

ಇಲ್ಲಿಗೆ ಪ್ರಶ್ನೆಯ ರೂಪವೇ ಬದಲಾಯಿತು. ಔಷಧದ ಶಕ್ತಿ ಸಾಲದು ಎಂಬುದು ಸಮಸ್ಯೆಯಲ್ಲ, ಅದು ಹೋಗುವ ದಾರಿಯೇ ಸಮಸ್ಯೆ. ಪಂಪಿನ ಎದುರು ಹಾದುಹೋಗದ, ಹೃದಯಕ್ಕೆ ತಾಗದ, ಗಡ್ಡೆಯಲ್ಲೇ ತೆರೆದುಕೊಳ್ಳುವ ಬೇರೆ ದಾರಿಯೊಂದನ್ನು ಹುಡುಕಬೇಕಿತ್ತು.

ಹತ್ತು ನ್ಯಾನೋಮೀಟರಿನ ಮ್ಯಾಗ್ನೆಟೈಟ್

ಆ ದಾರಿಗೆ ಸಂಶೋಧಕರು ಆರಿಸಿಕೊಂಡ ವಾಹನಗಳಲ್ಲೊಂದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಕನ್ನಡಿಗರಿಗೆ ಅದು ಹೊಸದಲ್ಲ. 2005ರ ಕೊನೆಯವರೆಗೆ ಕುದುರೆಮುಖದ ಬೆಟ್ಟಗಳಲ್ಲಿ ಅಗೆದು ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಅದಿರಿನ ಮುಖ್ಯ ಖನಿಜ ಅದೇ. ಮೂರು ಕಬ್ಬಿಣದ ಪರಮಾಣು, ನಾಲ್ಕು ಆಮ್ಲಜನಕದ ಪರಮಾಣು ಸೇರಿದ ಕಪ್ಪು ಹರಳು. ಪ್ರಯೋಗಾಲಯದಲ್ಲಿ ಇದನ್ನು ಅಗೆಯಬೇಕಿಲ್ಲ. ಎರಡು ಬಗೆಯ ಕಬ್ಬಿಣದ ಲವಣಗಳನ್ನು ಸರಿಯಾದ ಅನುಪಾತದಲ್ಲಿ ನೀರಿನಲ್ಲಿ ಬೆರೆಸಿ ಕ್ಷಾರ ಹಾಕಿದರೆ ಕಪ್ಪು ಪುಡಿ ತಳಕ್ಕೆ ಇಳಿಯುತ್ತದೆ. ಫ್ರಾನ್ಸಿನ ರೆನೆ ಮಸ್ಸಾರ್ 1981ರಲ್ಲಿ ವಿವರಿಸಿದ ಈ ವಿಧಾನವನ್ನು ಇಂದು ಕಾಲೇಜಿನ ಲ್ಯಾಬಿನಲ್ಲೂ ಮಾಡಬಹುದು. ಆ ಪುಡಿಯ ಒಂದೊಂದು ಕಣ ಸುಮಾರು 10 ನ್ಯಾನೋಮೀಟರ್ ಅಗಲ. ನಮ್ಮ ಒಂದು ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್.

ಗಾತ್ರ ಇಷ್ಟು ಕುಗ್ಗಿದಾಗ ಕಾಂತಗುಣವೂ ಬದಲಾಗುತ್ತದೆ. ದೊಡ್ಡ ಕಬ್ಬಿಣದ ತುಂಡು ಒಮ್ಮೆ ಅಯಸ್ಕಾಂತವಾದರೆ ಬಹುಕಾಲ ಹಾಗೆಯೇ ಇರಬಲ್ಲದು. ಹತ್ತಿಪ್ಪತ್ತು ನ್ಯಾನೋಮೀಟರಿನ ಕಣದಲ್ಲಿ ಮಾತ್ರ ಕಾಂತೀಯ ದಿಕ್ಕು ಸುತ್ತಲಿನ ಶಾಖದ ನಡುಕಕ್ಕೇ ತಿರುಗಿ ತಿರುಗಿ ಬೀಳುತ್ತಿರುತ್ತದೆ. ಹೊರಗಿನಿಂದ ಕಾಂತಕ್ಷೇತ್ರ ಒಡ್ಡಿದರೆ ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ಬಲವಾಗಿ ಸೆಳೆಯಲ್ಪಡುತ್ತವೆ, ಕ್ಷೇತ್ರ ತೆಗೆದ ಕೂಡಲೇ ಅಯಸ್ಕಾಂತವೇ ಅಲ್ಲದಂತೆ ಸುಮ್ಮನಾಗುತ್ತವೆ. ಇದನ್ನು 1949ರಲ್ಲಿ ಲೂಯಿ ನೀಲ್ ಸಿದ್ಧಾಂತವಾಗಿ ವಿವರಿಸಿದರು. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎನ್ನುತ್ತಾರೆ. ವೈದ್ಯಕೀಯಕ್ಕೆ ಈ ಗುಣವೇ ಜೀವಾಳ. ಕ್ಷೇತ್ರವಿಲ್ಲದಾಗಲೂ ಕಣಗಳು ಒಂದನ್ನೊಂದು ಸೆಳೆದು ಗಂಟುಕಟ್ಟಿದ್ದರೆ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗುತ್ತಿದ್ದವು.

ಇನ್ನೊಂದು ಅನುಕೂಲ, ಕಬ್ಬಿಣ ನಮ್ಮ ದೇಹಕ್ಕೆ ಅಪರಿಚಿತವಲ್ಲ. ವಯಸ್ಕರ ಮೈಯಲ್ಲಿ 3ರಿಂದ 4 ಗ್ರಾಂ ಕಬ್ಬಿಣ ಇದ್ದೇ ಇದೆ. ಸಕ್ಕರೆಯಂಥ ದೊಡ್ಡ ಅಣುಗಳ ಹೊದಿಕೆ ತೊಡಿಸಿದ ಆಕ್ಸೈಡ್ ಕಣಗಳನ್ನು ಕೋಶಗಳು ನಿಧಾನವಾಗಿ ಕರಗಿಸಿ, ಆ ಕಬ್ಬಿಣವನ್ನು ಹಿಮೋಗ್ಲೋಬಿನ್ ಕಟ್ಟಲು ಬಳಸಿಕೊಳ್ಳಬಲ್ಲವು. ಇದೇ ಕಾರಣಕ್ಕೆ ಫೆರುಮಾಕ್ಸಿಟಾಲ್ ಎಂಬ ನ್ಯಾನೋಕಣದ ಔಷಧ ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರಿಂದ ಕೆಲವರಿಗೆ ಪ್ರಾಣಾಪಾಯದ ಅಲರ್ಜಿ ಆಗಬಹುದೆಂದು 2015ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಅದರ ಮೇಲೆ ಮುದ್ರಿಸಬೇಕಾಯಿತು. ಪರಿಚಿತ ವಸ್ತುವೆಂದ ಮಾತ್ರಕ್ಕೆ ಪರೀಕ್ಷೆಯಿಲ್ಲದೆ ನಂಬುವಂತಿಲ್ಲ ಎಂಬ ಪಾಠ ಅಲ್ಲೇ ಇದೆ.

ಪಂಪಿಗೆ ಸಿಗದ ಬಾಗಿಲು

ಈಗ ಔಷಧದ ಅಣುಗಳನ್ನು ಈ ಕಣದ ಹೊದಿಕೆಗೆ ಕಟ್ಟೋಣ. ಒಂಟಿ ಅಣು ಪೊರೆಯಲ್ಲಿ ನೆನೆದು ಇಳಿಯುತ್ತದೆ, ನ್ಯಾನೋಕಣಕ್ಕೆ ಅದು ಸಾಧ್ಯವಿಲ್ಲ, ಅದು ಅಷ್ಟು ದೊಡ್ಡದು. ಅದು ಪೊರೆಗೆ ತಾಗಿದಾಗ ಪೊರೆಯೇ ಒಳಕ್ಕೆ ಬಾಗಿ, ಕಣವನ್ನು ಸುತ್ತುವರಿದು, ಸಣ್ಣ ಚೀಲದಂತೆ ಕಳಚಿಕೊಂಡು ಕೋಶದ ಒಳಗೆ ತೇಲುತ್ತದೆ. ಇದಕ್ಕೆ ಎಂಡೊಸೈಟೋಸಿಸ್ ಎಂದು ಹೆಸರು. ಕೋಶ ತನ್ನ ಆಹಾರದ ದೊಡ್ಡ ಅಣುಗಳನ್ನು ಒಳತರುವುದೂ ಹೀಗೆಯೇ. ಪಿ-ಗ್ಲೈಕೋಪ್ರೋಟೀನ್ ಹಿಡಿಯಬಲ್ಲದ್ದು ಪೊರೆಯಲ್ಲಿ ಕರಗಿದ ಒಂಟಿ ಅಣುಗಳನ್ನು ಮಾತ್ರ. ಚೀಲದೊಳಗೆ, ಕಣಕ್ಕೆ ಬಿಗಿದು ಕುಳಿತ ಔಷಧ ಅದರ ಕೈಗೆ ಸಿಗುವುದಿಲ್ಲ.

ಒಳಬಂದ ಚೀಲ ಕೋಶದ ಆಳಕ್ಕೆ, ಬೀಜಕೇಂದ್ರದ ಕಡೆಗೆ ಸಾಗುತ್ತಾ ಹುಳಿಯಾಗುತ್ತದೆ. ರಕ್ತದ ಪಿಎಚ್ 7.4, ಈ ಚೀಲಗಳ ಒಳಗೆ ಅದು ಮೊದಲು 6ರ ಆಸುಪಾಸಿಗೆ, ಕೊನೆಗೆ 5ಕ್ಕೂ ಕೆಳಗೆ ಇಳಿಯುತ್ತದೆ. ರಸಾಯನವಿಜ್ಞಾನಿಗಳು ಇದನ್ನೇ ಬಳಸಿಕೊಂಡರು. ಹೈಡ್ರಜೋನ್ ಎಂಬ ಬಂಧದಿಂದ ಔಷಧವನ್ನು ಕಣಕ್ಕೆ ಕಟ್ಟಿದರೆ ರಕ್ತದಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ, ಹುಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಔಷಧ ಬಿಡುಗಡೆಯಾಗುವ ಹೊತ್ತಿಗೆ ಪಂಪುಗಳಿರುವ ಹೊರಪೊರೆ ಹಿಂದೆ ಉಳಿದಿರುತ್ತದೆ, ಔಷಧ ತಲುಪಬೇಕಾದ ಡಿಎನ್‌ಎ ಹತ್ತಿರದಲ್ಲಿರುತ್ತದೆ.

ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಿಚಿನ್ ಝಾಂಗ್ ಅವರ ತಂಡ 2011ರಲ್ಲಿ ಮಾಡಿದ್ದು ಇದನ್ನೇ. ಡಾಕ್ಸೊರುಬಿಸಿನ್‌ಗೆ ಪ್ರತಿರೋಧ ಬೆಳೆಸಿಕೊಂಡ ಇಲಿಯ ಮಿದುಳುಗಡ್ಡೆಯ ಕೋಶಗಳನ್ನು ಅವರು ಆರಿಸಿಕೊಂಡರು. ಬರಿಯ ಡಾಕ್ಸೊರುಬಿಸಿನ್ ಕೊಟ್ಟಾಗ ಆ ಕೋಶಗಳು ಅದನ್ನು ಹೊರಹಾಕಿ ಬದುಕಿದವು. ಅದೇ ಔಷಧವನ್ನು ಹೈಡ್ರಜೋನ್ ಬಂಧದಿಂದ ಕಬ್ಬಿಣದ ಆಕ್ಸೈಡ್ ಕಣಕ್ಕೆ ಕಟ್ಟಿ ಕೊಟ್ಟಾಗ ಕೋಶಗಳಲ್ಲಿ ಔಷಧ ಹೆಚ್ಚು ಉಳಿಯಿತು, ಹೆಚ್ಚು ಕೋಶಗಳು ಸತ್ತವು. ಔಷಧದ ಅಣುವಿನಲ್ಲಿ ಏನೂ ಬದಲಾಗಿರಲಿಲ್ಲ, ಅದು ಒಳಹೋದ ಬಾಗಿಲು ಮಾತ್ರ ಬದಲಾಗಿತ್ತು.

ಚೀನಾದ ನಾನ್‌ಜಿಂಗ್‌ನಲ್ಲಿ ಚೆನ್ ಬಾವೊಆನ್ ಅವರ ತಂಡ ಅದಕ್ಕೂ ಮೊದಲೇ ಇನ್ನೊಂದು ಉಪಾಯ ಹೂಡಿತ್ತು. ಮ್ಯಾಗ್ನೆಟೈಟ್ ಕಣದ ಮೇಲೆ ಅವರು ಡೌನೊರುಬಿಸಿನ್ ಜೊತೆಗೆ ಬ್ರೋಮೊಟೆಟ್ರಾಂಡ್ರಿನ್ ಎಂಬ ಪಂಪು ತಡೆಯುವ ವಸ್ತುವನ್ನೂ ಹೇರಿದರು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಳಸುವ ಒಂದು ಬಳ್ಳಿಯ ಬೇರಿನಿಂದ ಬಂದ ರಾಸಾಯನಿಕದ ರೂಪಾಂತರ ಅದು. ಔಷಧಕ್ಕೆ ಮಣಿಯದ ರಕ್ತದ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ ಈ ಜೋಡಿಯನ್ನು ಕೊಟ್ಟಾಗ ಗಡ್ಡೆಯ ಬೆಳವಣಿಗೆ ತಗ್ಗಿದ್ದನ್ನು 2009ರಲ್ಲಿ ವರದಿ ಮಾಡಿದರು. ವೆರಾಪಮಿಲ್ ಕಾಲದ ಆಸೆ ಇಲ್ಲಿ ತಿದ್ದಿಕೊಂಡು ಮರಳಿದೆ. ಪಂಪು ತಡೆಯುವ ವಸ್ತು ಇಡೀ ಮೈಯಲ್ಲಿ ಹರಡದೆ ಔಷಧ ಹೋದಲ್ಲಿಗೇ ಅದರ ಜೊತೆಗೇ ಹೋದರೆ ಕರುಳಿನ, ಮಿದುಳಿನ ಕಾವಲಿಗೆ ಧಕ್ಕೆ ಕಡಿಮೆ.

ಇಷ್ಟು ಕೆಲಸವನ್ನು ಕೊಬ್ಬಿನ ಗುಳ್ಳೆಗಳೋ ಪಾಲಿಮರ್ ಕಣಗಳೋ ಮಾಡಬಲ್ಲವು ಎಂದು ಯಾರಾದರೂ ಹೇಳಿದರೆ ಅದು ನಿಜ. ಕೊಬ್ಬಿನ ಗುಳ್ಳೆಯಲ್ಲಿ ಡಾಕ್ಸೊರುಬಿಸಿನ್ ತುಂಬಿದ ಡಾಕ್ಸಿಲ್ 1995ರಲ್ಲೇ ಬಳಕೆಗೆ ಬಂತು, ಹೃದಯಕ್ಕಾಗುವ ಹಾನಿಯನ್ನೂ ಅದು ತಗ್ಗಿಸಿತು. ಮ್ಯಾಗ್ನೆಟೈಟ್ ಕಣ ವಿಶೇಷವಾಗುವುದು ಅದು ಹೊರಗಿನ ಕಾಂತಕ್ಷೇತ್ರದ ಮಾತು ಕೇಳುತ್ತದೆ ಎಂಬುದರಿಂದ. ಎಂಆರ್‌ಐ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಹಾಗಾಗಿ ಔಷಧ ಎಲ್ಲಿಗೆ ಹೋಯಿತು ಎಂದು ವೈದ್ಯರು ನೋಡಬಹುದು. ಅಯಸ್ಕಾಂತದಿಂದ ಅದನ್ನು ಸೆಳೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕುಳಿತಲ್ಲೇ ಬಿಸಿಮಾಡಬಹುದು.

ಒಳಗಿನಿಂದ ಏರುವ ಬಿಸಿ

ದಿಕ್ಕು ಬದಲಿಸುತ್ತಲೇ ಇರುವ ಕಾಂತಕ್ಷೇತ್ರವನ್ನು, ಸೆಕೆಂಡಿಗೆ ಒಂದು ಲಕ್ಷ ಸಲದ ಲೆಕ್ಕದಲ್ಲಿ, ಈ ಕಣಗಳಿಗೆ ಒಡ್ಡಿದರೆ ಅವುಗಳ ಕಾಂತೀಯ ದಿಕ್ಕು ಅದನ್ನು ಹಿಂಬಾಲಿಸಲು ಹೆಣಗುತ್ತದೆ, ತುಸು ಹಿಂದೆ ಬೀಳುತ್ತದೆ. ಆ ಹೆಣಗಾಟದಲ್ಲಿ ವ್ಯಯವಾದ ಶಕ್ತಿ ಶಾಖವಾಗಿ ಹೊರಬರುತ್ತದೆ. ಕಣವಿದ್ದಲ್ಲಿ ಮಾತ್ರ ಬಿಸಿ, ಪಕ್ಕದ ಅಂಗಾಂಶ ತಣ್ಣಗೆ. ಈ ಯೋಚನೆ ಹಳೆಯದು. 1957ರಲ್ಲೇ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡ್ ಪುಡಿಯಿಂದ ದುಗ್ಧಗ್ರಂಥಿಗಳನ್ನು ಹೀಗೆ ಬಿಸಿಮಾಡಿ ತೋರಿಸಿದ್ದರು. ಗ್ರಂಥಿಗಳಿಗೆ ಹರಡಿದ ಕ್ಯಾನ್ಸರನ್ನು ಸುಡುವುದು ಅವರ ಗುರಿಯಾಗಿತ್ತು.

ಪ್ರತಿರೋಧದ ವಿಷಯಕ್ಕೆ ಬಂದರೆ ಸುಡುವಷ್ಟು ಬಿಸಿಯೇ ಬೇಕಿಲ್ಲ. 41ರಿಂದ 43 ಡಿಗ್ರಿ ಸೆಲ್ಸಿಯಸ್, ಎಂದರೆ ಜೋರು ಜ್ವರಕ್ಕಿಂತ ಸ್ವಲ್ಪವೇ ಹೆಚ್ಚು ಬಿಸಿ, ಕೋಶದ ರಕ್ಷಣಾ ವ್ಯವಸ್ಥೆಗಳನ್ನು ಸಡಿಲಿಸುತ್ತದೆ. ಪೊರೆ ಹೆಚ್ಚು ಹರಿಯುವಂತಾಗಿ ಔಷಧ ಸಲೀಸಾಗಿ ಒಳಬರುತ್ತದೆ. ಡಾಕ್ಸೊರುಬಿಸಿನ್ ಅಥವಾ ವಿಕಿರಣ ಡಿಎನ್‌ಎಯನ್ನು ಕತ್ತರಿಸಿದಾಗ ಅದನ್ನು ಹೊಲಿದು ಸರಿಪಡಿಸುವ ಪ್ರೋಟೀನುಗಳು ಕೆಲಸ ನಿಲ್ಲಿಸುತ್ತವೆ. ಬಿಆರ್‌ಸಿಎ2 ಎಂಬ ದುರಸ್ತಿ ಪ್ರೋಟೀನ್ ಈ ಸೌಮ್ಯ ಶಾಖಕ್ಕೇ ಕರಗಿಹೋಗುತ್ತದೆ ಎಂದು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ವಂಶದಲ್ಲಿ ಹರಿಯುವ ಮನೆಗಳಲ್ಲಿ ನಾವು ಹೆಸರು ಕೇಳುವ ಬಿಆರ್‌ಸಿಎ2 ಇದೇ. ಔಷಧ ಮಾಡಿದ ಗಾಯವನ್ನು ಬೇಗ ಮಾಯಿಸಿಕೊಂಡು ಬದುಕುತ್ತಿದ್ದ ಕೋಶಕ್ಕೆ ಆ ಹೊತ್ತಿನ ಮಟ್ಟಿಗೆ ಗಾಯ ಮಾಯುವುದಿಲ್ಲ.

ಇದಕ್ಕಿಂತ ಬೆರಗಿನ ಸಂಗತಿ 2013ರಲ್ಲಿ ಹೊರಬಂತು. ಕಾರ್ಲೋಸ್ ರಿನಾಲ್ಡಿ ಮತ್ತು ಸಂಗಡಿಗರು, ಕ್ಯಾನ್ಸರ್ ಕೋಶದ ಮೇಲೆ ಹೆಚ್ಚಾಗಿರುವ ಒಂದು ಗ್ರಾಹಕ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ಕಣಗಳನ್ನು ಸಿದ್ಧಮಾಡಿದರು. ಕಣಗಳು ಕೋಶದೊಳಗಿನ ಹುಳಿಚೀಲಗಳಾದ ಲೈಸೊಸೋಮ್‌ಗಳನ್ನು ಸೇರಿದ ಮೇಲೆ ಕಾಂತಕ್ಷೇತ್ರ ಒಡ್ಡಿದರು. ಸುತ್ತಲಿನ ದ್ರವದ ಉಷ್ಣತೆ ಅಳೆಯುವಷ್ಟೂ ಏರಲಿಲ್ಲ. ಆದರೂ ಲೈಸೊಸೋಮ್‌ಗಳ ಪೊರೆ ಸೋರಿ, ಒಳಗಿನ ಜೀರ್ಣಕ ಕಿಣ್ವಗಳು ಚೆಲ್ಲಿ, ಕೋಶಗಳು ಸತ್ತವು. ಪಂಪಿಗಾಗಲಿ, ಡಿಎನ್‌ಎ ದುರಸ್ತಿಗಾಗಲಿ ಈ ಸಾವಿನಲ್ಲಿ ಪಾತ್ರವೇ ಇಲ್ಲ. ಔಷಧಕ್ಕೆ ಕೋಶ ಕಟ್ಟಿಕೊಂಡ ರಕ್ಷಣೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆಸ್ಪತ್ರೆಗೆ ಮೊದಲು ಬಂದದ್ದೂ ಶಾಖದ ವಿಧಾನವೇ. ಬರ್ಲಿನ್‌ನ ಆಂದ್ರೆಯಾಸ್ ಜೋರ್ಡನ್ ಅವರ ದೀರ್ಘ ಪರಿಶ್ರಮದಿಂದ ರೂಪುಗೊಂಡ ನ್ಯಾನೊಥರ್ಮ್ ಚಿಕಿತ್ಸೆಗೆ ಮಿದುಳಿನ ಗಡ್ಡೆಗಳಿಗಾಗಿ 2010ರಲ್ಲಿ ಯುರೋಪಿನ ಒಪ್ಪಿಗೆ ಸಿಕ್ಕಿತು. ಸುಮಾರು 12 ನ್ಯಾನೋಮೀಟರಿನ ಕಣಗಳ ದ್ರವವನ್ನು ನೇರವಾಗಿ ಗಡ್ಡೆಯೊಳಕ್ಕೆ ಚುಚ್ಚಿ, ರೋಗಿಯನ್ನು ದೊಡ್ಡ ಯಂತ್ರದಲ್ಲಿ ಮಲಗಿಸಿ 100 ಕಿಲೋಹರ್ಟ್ಸ್ ಕಾಂತಕ್ಷೇತ್ರ ಹಾಯಿಸುತ್ತಾರೆ, ಜೊತೆಗೆ ವಿಕಿರಣ ಕೊಡುತ್ತಾರೆ. ಗ್ಲಿಯೊಬ್ಲಾಸ್ಟೋಮ ಎಂಬ ಮಿದುಳುಗಡ್ಡೆ ಮರುಕಳಿಸಿದ 59 ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮರುಕಳಿಸಿದ್ದು ಪತ್ತೆಯಾದ ಮೇಲೆ ಅವರ ಬದುಕಿನ ಮಧ್ಯಾಂಕ 13.4 ತಿಂಗಳು. ಅತಿ ಕ್ರೂರವಾದ ಆ ಕಾಯಿಲೆಯಲ್ಲಿ ಇದು ಆಸೆ ಹುಟ್ಟಿಸುವ ಅಂಕಿ. ಆದರೆ ಹೋಲಿಕೆಗೆ ಈ ಚಿಕಿತ್ಸೆ ಪಡೆಯದ ರೋಗಿಗಳ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ಆದ್ದರಿಂದ ಅದನ್ನು ಕೊನೆಯ ತೀರ್ಪು ಎನ್ನಲಾಗದು.

ದೇಹದಲ್ಲಿ ಕಳೆದುಹೋಗುವ ಕಣಗಳು

ಪ್ರಯೋಗಾಲಯದ ತಟ್ಟೆಯಲ್ಲಿ ಕಣ ಮತ್ತು ಕ್ಯಾನ್ಸರ್ ಕೋಶದ ನಡುವೆ ಇರುವುದು ಒಂದು ಮಿಲಿಮೀಟರ್ ದ್ರವ. ರೋಗಿಯ ಮೈಯಲ್ಲಿ ಅವುಗಳ ನಡುವೆ ಯಕೃತ್ತು ಇದೆ, ಗುಲ್ಮವಿದೆ. ರಕ್ತಕ್ಕೆ ಸೇರಿದ ಯಾವುದೇ ಕಣಕ್ಕೆ ನಿಮಿಷಗಳಲ್ಲಿ ಪ್ರೋಟೀನುಗಳು ಅಂಟುತ್ತವೆ. ಅದನ್ನು ಗುರುತಿಸುವ ಭಕ್ಷಕ ಕೋಶಗಳು ಯಕೃತ್ತಿನಲ್ಲಿ ಕಾದು ಕುಳಿತಿರುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್ ಹೊದಿಸಿದರೆ ಕಣ ಇನ್ನಷ್ಟು ಹೊತ್ತು ಸುಳಿದಾಡುತ್ತದೆ, ಅಷ್ಟೆ. 2016ರಲ್ಲಿ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಕಲೆಹಾಕಿ ಲೆಕ್ಕ ಮಾಡಿತು. ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆ ಸೇರಿದ್ದು, ಮಧ್ಯಾಂಕದ ಲೆಕ್ಕದಲ್ಲಿ, ಶೇ. 0.7 ಮಾತ್ರ. ಲಿಂಗ್ ಅವರು ಪಂಪನ್ನು ಪತ್ತೆಹಚ್ಚಿದ ಟೊರಾಂಟೊ ನಗರದಲ್ಲೇ ಈ ಲೆಕ್ಕವೂ ನಡೆಯಿತು. ಕೋಶದ ಬಾಗಿಲು ದಾಟುವ ಉಪಾಯ ಎಷ್ಟೇ ಚೆನ್ನಾಗಿದ್ದರೂ, ಬಾಗಿಲವರೆಗೆ ಬಂದವರು ನೂರಕ್ಕೆ ಒಬ್ಬರೂ ಇಲ್ಲ.

ಅಯಸ್ಕಾಂತ ಹಿಡಿದು ಸೆಳೆದರೆ? 1996ರಲ್ಲಿ ಬರ್ಲಿನ್‌ನಲ್ಲಿ ಆಂದ್ರೆಯಾಸ್ ಲ್ಯುಬೆ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ಮನುಷ್ಯರಲ್ಲಿ ಪರೀಕ್ಷಿಸಿದರು. ಮುಂದುವರಿದ ಕ್ಯಾನ್ಸರಿನ 14 ರೋಗಿಗಳಿಗೆ ಎಪಿರುಬಿಸಿನ್ ಎಂಬ ಕೀಮೋ ಔಷಧ ಕಟ್ಟಿದ ಕಾಂತೀಯ ದ್ರವ ಕೊಟ್ಟು ಗಡ್ಡೆಯ ಹತ್ತಿರ ಬಲವಾದ ಅಯಸ್ಕಾಂತ ಇಟ್ಟರು. ಚಿಕಿತ್ಸೆಯನ್ನು ರೋಗಿಗಳು ತಾಳಿಕೊಂಡರು, ಸುಮಾರು ಅರ್ಧದಷ್ಟು ಜನರಲ್ಲಿ ಕಣಗಳು ಗಡ್ಡೆಯಲ್ಲಿ ನಿಂತವು. ಚರ್ಮದ ಸಮೀಪದ ಗಡ್ಡೆಗೆ ಇದು ಹೊಂದುತ್ತದೆ. ಆಳಕ್ಕೆ ಹೋದಂತೆ ಸೆಳೆತ ತೀವ್ರವಾಗಿ ಕುಗ್ಗುತ್ತದೆ. ಭೌತಶಾಸ್ತ್ರದ ನಿಯಮವೇ ಇಲ್ಲಿ ಅಡ್ಡ ನಿಲ್ಲುತ್ತದೆ. ಹೊರಗಿಟ್ಟ ಸ್ಥಿರ ಅಯಸ್ಕಾಂತಗಳಿಂದ ದೇಹದ ಒಳಗಿನ ಒಂದು ಬಿಂದುವಿನಲ್ಲಿ ಕ್ಷೇತ್ರವನ್ನು ಅತಿ ಹೆಚ್ಚು ಮಾಡಲು ಸಾಧ್ಯವಿಲ್ಲ, ಅತಿ ಹೆಚ್ಚು ಇರುವುದು ಯಾವಾಗಲೂ ಅಯಸ್ಕಾಂತದ ಕಡೆಯ ಅಂಚಿನಲ್ಲೇ. ಮೇದೋಜೀರಕ ಗ್ರಂಥಿಯ ಗಡ್ಡೆಗೆ ಗುರಿಯಿಟ್ಟರೆ ಕಣಗಳು ಹೊಟ್ಟೆಯ ಚರ್ಮದತ್ತ ವಾಲುತ್ತವೆ.

ಶಾಖಕ್ಕೂ ಮಿತಿಯಿದೆ. ಕ್ಷೇತ್ರವನ್ನು ಬೇಕಾದಷ್ಟು ಜೋರು ಮಾಡಿದರೆ ಆರೋಗ್ಯವಂತ ಅಂಗಾಂಶದಲ್ಲೇ ವಿದ್ಯುತ್ ಸುಳಿಗಳೆದ್ದು ಅದೂ ಬಿಸಿಯಾಗುತ್ತದೆ. ಬಿಸಿ ತಾಗಿದ ಕ್ಯಾನ್ಸರ್ ಕೋಶಗಳು ಶಾಖಾಘಾತ ಪ್ರೋಟೀನುಗಳನ್ನು ಹೆಚ್ಚಿಸಿಕೊಂಡು ಮುಂದಿನ ಸಲದ ಶಾಖವನ್ನು ತಾಳಿಕೊಳ್ಳಬಲ್ಲವು. ಪ್ರತಿರೋಧವನ್ನು ಮುರಿಯಲು ಬಂದ ಉಪಾಯಕ್ಕೇ ಪ್ರತಿರೋಧ ಹುಟ್ಟುವ ಅಪಾಯ ಇದು. ಎರಡು ಸುತ್ತುಗಳ ನಡುವೆ ಅಂತರ ಬಿಡುವುದು, ಔಷಧ ಮತ್ತು ಶಾಖವನ್ನು ಒಟ್ಟಿಗೇ ಕೊಡುವುದು ಇದಕ್ಕೆ ಈಗಿರುವ ಉತ್ತರ.

ಇನ್ನೂ ಒಂದು ವಿಷಯ ಹೇಳಲೇಬೇಕು. ಪ್ರತಿರೋಧವೆಲ್ಲ ಪಂಪಿನದ್ದಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ರಾಮಬಾಣವಾದ ಇಮ್ಯಾಟಿನಿಬ್ ಕೆಲವರಲ್ಲಿ ಸೋಲುವುದು ಅದು ಕೂರಬೇಕಾದ ಪ್ರೋಟೀನಿನ ಒಂದು ಕೊಂಡಿ ಬದಲಾಗುವುದರಿಂದ. ಅಲ್ಲಿ ಎಷ್ಟೇ ಔಷಧ ಒಳಹೋದರೂ ಅದಕ್ಕೆ ಹಿಡಿಯಲು ನೆಲೆಯಿಲ್ಲ. ಕೆಲವು ಕೋಶಗಳು ಸಾಯುವ ಸಂಕೇತವನ್ನೇ ಅಡಗಿಸುತ್ತವೆ, ಕೆಲವು ಆಮ್ಲಜನಕವಿಲ್ಲದ ಗಡ್ಡೆಯ ಒಳಭಾಗದಲ್ಲಿ ವಿಭಜನೆ ನಿಲ್ಲಿಸಿ ಅವಿತಿರುತ್ತವೆ. ಇಂಥವಕ್ಕೆ ಬಾಗಿಲು ಬದಲಿಸುವುದೊಂದೇ ಸಾಲದು. ಪಂಪಿನ ಅಥವಾ ಸಾವು ತಡೆಯುವ ಜೀನಿನ ಸಂದೇಶವನ್ನೇ ಅಳಿಸುವ ಸಣ್ಣ ಆರ್‌ಎನ್‌ಎ ತುಣುಕುಗಳನ್ನು ಇದೇ ಕಣಗಳ ಮೇಲೆ ಹೇರಿ ಕಳಿಸುವ ಪ್ರಯತ್ನಗಳು ನಡೆಯುತ್ತಿರುವುದು ಅದಕ್ಕಾಗಿ.

ಹಳೆಯ ಔಷಧದ ಎರಡನೆಯ ಆಯುಷ್ಯ

ಪತ್ರಿಕೆಯಲ್ಲಿ "ಕ್ಯಾನ್ಸರಿಗೆ ನ್ಯಾನೋ ಮದ್ದು" ಎಂಬ ತಲೆಬರಹ ಕಂಡಾಗ ಓದುಗರು ನಾಲ್ಕು ಪ್ರಶ್ನೆ ಕೇಳಬೇಕು. ಪ್ರಯೋಗ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಆ ಕೋಶಗಳ ಪ್ರತಿರೋಧ ಯಾವ ಬಗೆಯದು? ಚುಚ್ಚಿದ್ದರಲ್ಲಿ ಎಷ್ಟು ಪಾಲು ಗಡ್ಡೆ ಸೇರಿತು? ಹಳೆಯ ಔಷಧವನ್ನು ಹಾಗೆಯೇ ಕೊಟ್ಟ ರೋಗಿಗಳಿಗಿಂತ ಇವರು ಹೆಚ್ಚು ಕಾಲ, ಹೆಚ್ಚು ನೆಮ್ಮದಿಯಿಂದ ಬದುಕಿದರೇ? ಕಾಂತೀಯ ಕಣಗಳಿಂದ ಔಷಧ ಪ್ರತಿರೋಧ ಮುರಿಯುವ ಕೆಲಸದಲ್ಲಿ ಮೊದಲ ಮೂರು ಪ್ರಶ್ನೆಗಳಿಗೆ ದಿನದಿನಕ್ಕೆ ಉತ್ತಮ ಉತ್ತರಗಳು ಬರುತ್ತಿವೆ. ನಾಲ್ಕನೆಯದಕ್ಕೆ ಉತ್ತರ ಕೊಡಬಲ್ಲ ದೊಡ್ಡ ಪರೀಕ್ಷೆಗಳು ಇನ್ನು ಆಗಬೇಕು. ಈಗ ಚಿಕಿತ್ಸೆಯಲ್ಲಿರುವ ಯಾರೂ ಇಂಥ ಸುದ್ದಿ ನಂಬಿ ವೈದ್ಯರು ಹೇಳಿದ ಕೀಮೋ ಸುತ್ತನ್ನು ತಪ್ಪಿಸಬಾರದು.

ಹಾಗಿದ್ದರೂ ಈ ದಾರಿಯನ್ನು ನಾವು ಬಿಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಅದರಲ್ಲೂ ನಮ್ಮಂಥ ದೇಶ ಬಿಡಬಾರದು. ಪ್ರತಿರೋಧಕ್ಕೆ ಇಂದು ಜಗತ್ತು ಕೊಡುತ್ತಿರುವ ಮುಖ್ಯ ಉತ್ತರ ಇನ್ನೊಂದು ಹೊಸ ಔಷಧ, ಮತ್ತು ಹೊಸ ಔಷಧದ ಬೆಲೆ ಕೇಳಿಯೇ ಎಷ್ಟೋ ಕುಟುಂಬಗಳು ಚಿಕಿತ್ಸೆಯಿಂದ ಹಿಂದೆ ಸರಿಯುತ್ತವೆ. ಡಾಕ್ಸೊರುಬಿಸಿನ್ ಪೇಟೆಂಟಿನ ಹಂಗಿಲ್ಲದ ಔಷಧ, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ, ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಸಿಗುತ್ತದೆ. ಕಬ್ಬಿಣ ಅಗ್ಗದ ಲೋಹ, ಕಣ ತಯಾರಿಸುವ ರಸಾಯನ ನಮ್ಮ ವಿಶ್ವವಿದ್ಯಾಲಯಗಳಿಗೆ ಕರಗತ. ದುಬಾರಿಯಾಗಿ ಉಳಿದಿರುವುದು ಕಾಂತಕ್ಷೇತ್ರದ ಯಂತ್ರ ಮತ್ತು ವರ್ಷಗಟ್ಟಲೆ ತಾಳ್ಮೆಯಿಂದ ನಡೆಸಬೇಕಾದ ರೋಗಿಗಳ ಪರೀಕ್ಷೆ. ಈ ಎರಡಕ್ಕೆ ಸಾರ್ವಜನಿಕ ಹಣ ಸಿಕ್ಕರೆ, ಪಂಪಿನ ಎದುರು ಸೋತುಹೋಯಿತೆಂದು ಬದಿಗಿಟ್ಟ ಅಗ್ಗದ ಔಷಧಗಳು ಮತ್ತೆ ಕೆಲಸಕ್ಕೆ ಬರಬಹುದು. ಫಾರ್ಬರ್ ಅವರ ಕಾಲದಿಂದ ವೈದ್ಯರು ಮರುಕಳಿಸಿದ ರೋಗಿಯ ಮುಂದೆ ಕೇಳಿಕೊಂಡ ಪ್ರಶ್ನೆ "ಇನ್ನು ಯಾವ ಔಷಧ ಕೊಡಲಿ" ಎಂಬುದು. ಅದರ ಪಕ್ಕದಲ್ಲಿ "ಇದೇ ಔಷಧವನ್ನು ಯಾವ ದಾರಿಯಲ್ಲಿ ಕೊಡಲಿ" ಎಂಬ ಪ್ರಶ್ನೆಗೂ ಜಾಗ ಸಿಗಬೇಕು. ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ಜಿಲ್ಲಾ ಆಸ್ಪತ್ರೆಯ ಬಡ ರೋಗಿಯವರೆಗೂ ತಲುಪಬಲ್ಲದು.